ಸರಾಸರಿ ಹತ್ತು ನಿಮಿಷ

ಕೋದಂಡಪ್ಪ ಬರೆದ ಅಕ್ಷರ ನೋಡಿದವರು ಅದನ್ನು ಅಚ್ಚು ಎಂದೇ ತಿಳಿಯುತ್ತಿದ್ದರು. ಪಾರ್ಕರ್ ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ನೆಲದಡಿಯ ಸುರಂಗಗಳ ನಕ್ಷೆ ಬರೆದವನು ಅವನು. ಮೂವತ್ತಾರನೇ ಲೆವೆಲಿನ ಯಾವ ತಿರುವಿನಲ್ಲಿ ಎಷ್ಟು ಕಂಬ ಕೊಟ್ಟಿದ್ದಾರೆಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆದರೆ ಆಳುಗಳನ್ನು ಇಳಿಸುವ ಕೇಜು ಹತ್ತಿ ಒಂದು ಸಲವೂ ಕೆಳಗೆ ಇಳಿದವನಲ್ಲ. ಇಳಿಯುವ ಅಗತ್ಯವಾದರೂ ಏನಿತ್ತು? ಅವನ ಹಾಳೆಯ ಮೇಲೆ ಗಣಿ ಬಹಳ ಚೆನ್ನಾಗಿತ್ತು.

ಅವನ ತಂಗಿ ಚಿಕ್ಕವೆಂಕಟಮ್ಮನ ಗಂಡ ಮುನಿನಾರಾಯಣಪ್ಪ ಅದೇ ಗಣಿಯಲ್ಲಿ ಕೆಳಗಿಳಿದು ದುಡಿಯುವವನು. ಬಂಗಾರಪೇಟೆ ಪಕ್ಕದ ಒಂದೇ ಹಳ್ಳಿಯಲ್ಲಿ ಇಬ್ಬರ ಮನೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಓಡಿ ಬಂದು ಮಾರಿಕುಪ್ಪಂ ರೈಲುಗಾಡಿ ಹಿಡಿದ ಭಾವಮೈದುನನ ಮೈಯಿಂದ ಎಮ್ಮೆಯ ವಾಸನೆ ಬರುತ್ತಿತ್ತು, ಕೋದಂಡಪ್ಪನ ಮೈಯಿಂದ ಪೌಡರಿನ ವಾಸನೆ. ಗಾಡಿಯಲ್ಲಿ ಎದುರುಬದುರು ಕೂತರೆ ಮುನಿನಾರಾಯಣಪ್ಪ ಕೆಣಕದೆ ಬಿಡುತ್ತಿರಲಿಲ್ಲ.

“ಬಾವ, ನೀನು ಗೆರೆ ಎಳ್ದಿರೋ ಜಾಗದಾಗೆ ನಾನು ಬೆವರು ಸುರುಸ್ತೀನಿ. ಒಂದಿನ ಬಂದು ನೋಡು. ಅಲ್ಲಿ ಯಾವ್ದೂ ನಿನ್ನ ಗೆರೆಯಂಗೆ ನೀಟಾಗಿಲ್ಲ.”

“ನೀಟಾಗಿಲ್ಲ ಅಂತ್ಲೇ ಅಲ್ವಾ ನಮ್ಮಂತೋರಿಗೆ ಸಂಬಳ ಕೊಡೋದು,” ಎನ್ನುತ್ತಿದ್ದ ಕೋದಂಡಪ್ಪ. ಡಬ್ಬಿಯಲ್ಲಿದ್ದವರು ನಗುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಪಾರ್ಕರ್ ಗಣಿಗೆ ಕಂಪ್ಯೂಟರ್ ಬಂತು. ಮದುಮಗಳನ್ನು ಕರೆತಂದ ಹಾಗೆ ಕಂಬಳಿ ಸುತ್ತಿ ತಂದು, ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂದು ಬೋರ್ಡು ಹಾಕಿ, ತಣ್ಣನೆ ಕೋಣೆಯಲ್ಲಿ ಕೂರಿಸಿದರು. ಅದಕ್ಕೆ ಕೊಟ್ಟ ಮೊದಲ ಕೆಲಸ, ಯಾರು ಕೆಳಗಿದ್ದಾರೆ, ಯಾರು ಮೇಲೆ ಬಂದಿದ್ದಾರೆ ಎಂದು ಹೇಳುವುದು.

ಆವರೆಗೆ ಅದನ್ನು ಹೇಳುತ್ತಿದ್ದದ್ದು ಟೋಕನ್ ನೋಡಿಕೊಳ್ಳುವ ಮುದುಕ ಮುನಿಸ್ವಾಮಪ್ಪನ ಹಲಗೆ. ಶಾಫ್ಟಿನ ಬಾಯಿಯ ಪಕ್ಕದ ಗೋಡೆಗೆ ಸಾವಿರದ ನಾನೂರು ಮೊಳೆ ಹೊಡೆದ ಹಲಗೆ. ಲೆವೆಲಿಗೊಂದು ಸಾಲು, ಆಳಿಗೊಂದು ಹಿತ್ತಾಳೆ ಟೋಕನ್. ಇಳಿಯುವವನ ಟೋಕನನ್ನು ಮುನಿಸ್ವಾಮಪ್ಪ ಅವನು ಹೋಗುವ ಲೆವೆಲಿನ ಸಾಲಿಗೆ ಸಿಕ್ಕಿಸುತ್ತಿದ್ದ, ಹತ್ತಿ ಬಂದವನದನ್ನು ತೆಗೆಯುತ್ತಿದ್ದ. ಕೆಳಗೆ ಏರ್‌ಬ್ಲಾಸ್ಟ್ ಆದಾಗ, ಅಂದರೆ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿದಾಗ, ಬಂದವರನ್ನೆಲ್ಲ ಕಳೆದು, ಇನ್ನೂ ಯಾರ್ಯಾರು ಯಾವ ಲೆವೆಲಿನಲ್ಲಿ ಉಳಿದಿದ್ದಾರೆಂದು ಅವನು ಹದಿನೈದು ನಿಮಿಷದಲ್ಲಿ ಓದಿ ಹೇಳುತ್ತಿದ್ದ. ಅದು ಗೊತ್ತಾಗದೆ ರಕ್ಷಣಾ ತಂಡ ಇಳಿಯುವಂತಿರಲಿಲ್ಲ. ಇದ್ದ ಆರು ಜನರನ್ನು ಕುರುಡಾಗಿ ಎಲ್ಲೆಂದರಲ್ಲಿ ಇಳಿಸಿದರೆ ಅವರನ್ನು ಹುಡುಕುವವರು ಯಾರು?

ಕಂಪ್ಯೂಟರಿನ ಪ್ರೋಗ್ರಾಂ ಬರೆದವನು ಆರುಮುಗಂ. ನಂದಿದುರ್ಗದ ಲೈನಿನಲ್ಲಿ, ಅಂದರೆ ತಮಿಳು ಕೂಲಿಗಳ ಸಾಲುಮನೆಗಳಲ್ಲಿ ಹುಟ್ಟಿ ಬೆಳೆದು, ಮದರಾಸಿನಲ್ಲಿ ಓದಿ ಬಂದಿದ್ದ ಇಂಜಿನಿಯರು. ಪ್ರೋಗ್ರಾಂ ಎಷ್ಟು ಬೇಗ ಪಟ್ಟಿ ಕೊಡುತ್ತದೆಂದು ಮೂವತ್ತು ದಿನ ಪರೀಕ್ಷೆ ಮಾಡಬೇಕೆಂದು ತೀರ್ಮಾನವಾಯಿತು. ಹಗಲು ಪಾಳಿಗೆ ಎ, ಬಿ, ಸಿ ಎಂಬ ಮೂರು ಗ್ಯಾಂಗು ಸರದಿಯಂತೆ ಬರುತ್ತಿದ್ದವು, ಒಂದೊಂದಕ್ಕೆ ಹತ್ತು ದಿನದ ಪರೀಕ್ಷೆ. ಮುನಿಸ್ವಾಮಪ್ಪ ಹಲಗೆಯ ಮುಂದೆ, ಆರುಮುಗಂ ಯಂತ್ರದ ಮುಂದೆ, ಇಬ್ಬರ ನಡುವೆ ಎರಡು ಸ್ಟಾಪ್‌ವಾಚ್ ಹಿಡಿದ ಕೋದಂಡಪ್ಪ. ಸಮಯ ಬರೆದುಕೊಳ್ಳುವುದೂ ಕೊನೆಗೆ ಅದರ ಚಾರ್ಟು ಬರೆಯುವುದೂ ಅವನ ಕೆಲಸವಾಗಿತ್ತು.

ಎ ಮತ್ತು ಬಿ ಗ್ಯಾಂಗಿನ ದಿನಗಳಲ್ಲಿ ಯಂತ್ರ ಎರಡು, ಮೂರು, ಹೆಚ್ಚೆಂದರೆ ನಾಲ್ಕು ನಿಮಿಷದಲ್ಲಿ ಪಟ್ಟಿ ಮುದ್ರಿಸಿ ಬಿಸಾಡಿತು. ಸಿ ಗ್ಯಾಂಗು ಬಂದ ದಿನಗಳಲ್ಲಿ ಇಪ್ಪತ್ತೆರಡು ನಿಮಿಷ, ಇಪ್ಪತ್ತೈದು ನಿಮಿಷ ಮೊಂಡು ಹಿಡಿದು ನಿಂತಿತು. ಕರೆಂಟಿನ ತೊಂದರೆ ಎಂದರು, ಸೆಕೆ ಎಂದರು. ಕಾರಣ ಕಂಡುಹಿಡಿದವನು ಮುನಿಸ್ವಾಮಪ್ಪ. ಅವನು ಬಂದು ಪರದೆಯ ಹಿಂದೆ ಐದು ನಿಮಿಷ ನಿಂತು ನೋಡಿ ಹೇಳಿದ:

“ಬೇರೆ ಎಸರು ಬಂದ್ರೆ ಓಡ್ತದೆ. ಮುನಿ ಅಂತ ಬಂದಾಗ್ಲೆಲ್ಲ ಕುಂತ್ಕೊಂಡ್ ಬಿಡ್ತದೆ ಕಣಪ್ಪ ನಿನ್ನ ಮಿಷಿನ್ನು.”

ಆರುಮುಗಂ ಹಣೆ ಚಚ್ಚಿಕೊಂಡ. “ಅಯ್ಯೋ ಕಡವುಳೇ! ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿ ಒಂದೊಂದು ಡ್ರಾಯರಿಗೆ ಹಾಕಿದೀನಿ ಸಾರ್. ನಮ್ಮ ಲೈನಲ್ಲಿ ಸೆಲ್ವರಾಜು, ಪೀಟರು, ಏಳುಮಲೈ, ದಾಸು... ಒಂದು ಡ್ರಾಯರಲ್ಲಿ ಮೂರು ಜನ ನಾಲ್ಕು ಜನ. ಇಲ್ಲಿ ನೋಡಿದ್ರೆ ಒಂದೇ ಡ್ರಾಯರಲ್ಲಿ ನೂರಾಎಪ್ಪತ್ತು ಜನ ಕೂತವ್ರೆ. ಒಬ್ಬನ್ನ ಹುಡುಕಕ್ಕೆ ಎಲ್ಲರನ್ನೂ ಎಬ್ಬಿಸ್ಬೇಕು.”

ಎ, ಬಿ ಗ್ಯಾಂಗಿನವರು ಲೈನಿನವರು, ಸಿ ಗ್ಯಾಂಗೆಂದರೆ ಗಾಡಿಯಲ್ಲಿ ಬರುವ ಹಳ್ಳಿಯವರು. ಬಂಗಾರಪೇಟೆ ಸುತ್ತಲ ಹಳ್ಳಿಗಳಲ್ಲಿ ಹೊಂಗೆ ಮರದ ಬುಡಕ್ಕೊಂದು ಮುನೇಶ್ವರನ ಕಲ್ಲು. ಮಗು ಉಳಿಯಲಿ ಎಂದು ಅವನಿಗೆ ಹರಕೆ ಹೊರುವುದು, ಉಳಿದರೆ ಅವನ ಹೆಸರನ್ನೇ ಮುಂದಿಟ್ಟು ಕರೆಯುವುದು. ಮುನಿಯಪ್ಪ, ಮುನಿರಾಜು, ಮುನಿವೆಂಕಟಪ್ಪ, ಮುನಿಶಾಮಿ. ಸಂತೆಯಲ್ಲಿ ನಿಂತು “ಲೇ ಮುನಿ” ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ, ಉಳಿದರ್ಧ ತನ್ನಪ್ಪನನ್ನು ಯಾರೋ ಕರೆದರೆಂದು ತಿಳಿಯುತ್ತದೆ. ಲೈನಿನಲ್ಲಿ ಬೆಳೆದ ಆರುಮುಗನಿಗೆ ಇದು ಹೊಳೆದಿರಲಿಲ್ಲ. ಹಳ್ಳಿಯವನಾದ ಕೋದಂಡಪ್ಪನಿಗೆ ಹೊಳೆಯಬೇಕಿತ್ತು.

“ಹೆಸರು ಬಿಟ್ಟು ಟೋಕನ್ ನಂಬರ್ ಮೇಲೆ ಜೋಡಿಸಿದ್ರೆ ಸರಿಹೋಗ್ತದೆ ಸಾರ್,” ಎಂದ ಆರುಮುಗಂ. “ಎರಡು ವಾರ ಬೇಕು. ನಾನು ಬಾಯಲ್ಲಿ ಕೇಳಿದ್ರೆ ಕೊಡಲ್ಲ. ನಿಮ್ಮ ಚಾರ್ಟಲ್ಲಿ ಆ ಹತ್ತು ದಿನ ಕಣ್ಣಿಗೆ ಹೊಡೆಯೋ ಹಾಗೆ ಕಾಣಿಸ್ಲಿ. ಆಗ ಕೊಡ್ತಾರೆ.”

“ಆಗ್ಲಪ್ಪ,” ಎಂದ ಕೋದಂಡಪ್ಪ. ಸುಳ್ಳು ಹೇಳಲಿಲ್ಲ, ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಚೀಫ್ ಇಂಜಿನಿಯರ್ ಶ್ರೀನಿವಾಸಪ್ಪನವರು ಕರೆದು ಹೇಳಿದರು: “ಕೋದಂಡಪ್ಪನೋರೆ, ಡೈರೆಕ್ಟರುಗಳು ಬರ್ತಾ ಇದಾರೆ. ಕೂತಿರೋದೇ ಕಾಲು ಗಂಟೆ. ಒಂದೇ ಹಾಳೆ ಇರ್ಲಿ, ಒಂದೇ ನೋಟಕ್ಕೆ ಅರ್ಥ ಆಗ್ಲಿ. ಹೇಗೆ ತೋರಿಸ್ತೀರೋ ಅದು ನಿಮಗೆ ಬಿಟ್ಟಿದ್ದು.”

ಹೌದು, ಅವರು ಹಾಗೆಯೇ ಅಂದದ್ದು. ಮುಂದೆ ಎಷ್ಟೋ ಸಲ ಕೋದಂಡಪ್ಪ ಆ ಮಾತಿನಲ್ಲಿ ಒಂದು ಒತ್ತಾಯವನ್ನೋ ಗದರಿಕೆಯನ್ನೋ ಹುಡುಕಿದ. ಸಿಕ್ಕಲಿಲ್ಲ.

ಅವನು ಮೊದಲು ಗ್ರಾಫ್ ಹಾಳೆ ತೆಗೆದುಕೊಂಡು ದಿನಕ್ಕೊಂದರಂತೆ ಮೂವತ್ತು ಚುಕ್ಕೆ ಇಟ್ಟ. ಮುನಿಸ್ವಾಮಪ್ಪನ ಹದಿನೈದು ನಿಮಿಷಕ್ಕೆ ಹಾಳೆಯ ನಡುವೆ ಒಂದು ಅಡ್ಡಗೆರೆ. ಇಪ್ಪತ್ತು ಚುಕ್ಕೆ ಚೆಲ್ಲಿದ ರಾಗಿಯ ಹಾಗೆ ತಳದಲ್ಲಿ ಬಿದ್ದವು. ಹತ್ತು ಚುಕ್ಕೆ ಗೆರೆಯ ಮೇಲೆ ಎಲ್ಲೋ ಎತ್ತರದಲ್ಲಿ ಹೋಗಿ ಕೂತವು. ನಡುವೆ ಏನೂ ಇಲ್ಲ. ಆರುಮುಗಂ ಕೇಳಿದ್ದು ಇದನ್ನೇ. ಆದರೆ ಕೋದಂಡಪ್ಪ ಹಾಳೆಯನ್ನು ದೂರ ಹಿಡಿದು ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಅಂದಗೆಟ್ಟ ಹಾಳೆ ಅವನ ಕೈಯಿಂದ ಹೊರಗೆ ಹೋಗಿರಲಿಲ್ಲ. ಯಾರೋ ಪೆನ್ನು ಕೊಡವಿದ ಹಾಗಿತ್ತು. ಡೈರೆಕ್ಟರುಗಳ ಮುಂದೆ ಇದನ್ನು ಹಿಡಿದು, ಕೆಳಗೆ ತನ್ನ ಸಹಿಯೇ?

ಮೂವತ್ತನ್ನೂ ಕೂಡಿ ಭಾಗಿಸಿದ. ಸರಿಯಾಗಿ ಹತ್ತು ಬಂತು. ಹಲಗೆಗೆ ಹದಿನೈದು, ಯಂತ್ರಕ್ಕೆ ಹತ್ತು. ಆ ಸರಾಸರಿ ಎಷ್ಟು ನುಣ್ಣಗಿತ್ತೆಂದರೆ ಅವನಿಗೆ ದೇವರೇ ಕೊಟ್ಟ ಹಾಗೆ ಅನ್ನಿಸಿತು. ಟ್ರೇಸಿಂಗ್ ಹಾಳೆ ಹಾಸಿದ. ಎರಡೇ ಎರಡು ಕಂಬ. ಹಳೆಯದಕ್ಕೆ ಓರೆಗೆರೆ, ಹೊಸದಕ್ಕೆ ಗಟ್ಟಿ ಕಪ್ಪು ಮಸಿ. ಹಾಳೆ ತುಂಬಿ ಕಾಣಲೆಂದು ಪಕ್ಕದ ಅಳತೆಯನ್ನು ಸೊನ್ನೆಯಿಂದ ಶುರು ಮಾಡದೆ ಎಂಟರಿಂದ ಶುರು ಮಾಡಿದ. ಆಗ ಹಲಗೆಯ ಕಂಬ ಯಂತ್ರದ ಕಂಬದ ಮೂರೂವರೆಯಷ್ಟು ಎತ್ತರ ನಿಂತಿತು. ಸುತ್ತ ಎರಡೆಳೆ ಅಂಚು ಎಳೆದು, ಮೂಲೆಯಲ್ಲಿ ಹೆಸರು ಬರೆದು, ಆ ಸಂಜೆ ಅವನು ಗಾಡಿಯಲ್ಲಿ ಶಿಳ್ಳೆ ಹಾಕುತ್ತ ಊರಿಗೆ ಹೋದ.

ಡೈರೆಕ್ಟರು ಚಾರ್ಟನ್ನು ಕಾಲು ನಿಮಿಷ ನೋಡಿ, “ವೆರಿ ಕ್ಲಿಯರ್. ಯಾರು ಬರೆದದ್ದು?” ಎಂದರು. ಶ್ರೀನಿವಾಸಪ್ಪನವರು ಕೋದಂಡಪ್ಪನ ಹೆಗಲ ಮೇಲೆ ಕೈ ಇಟ್ಟರು. ಬಾಗಿಲ ಬಳಿ ನಿಂತಿದ್ದ ಆರುಮುಗಂ ಎರಡು ವಾರದ ಮಾತು ತೆಗೆದ. “ನಿಧಾನ ಅಂತೀರಲ್ಲ, ಎಲ್ಲಿದೆ ನಿಧಾನ? ಚಾರ್ಟ್ ನೋಡ್ರಿ,” ಎಂದು ಡೈರೆಕ್ಟರು ನಕ್ಕರು. ಆರುಮುಗಂ ಚಾರ್ಟನ್ನು ನೋಡಲಿಲ್ಲ, ಕೋದಂಡಪ್ಪನನ್ನು ನೋಡಿದ. ಆರುಮುಗನನ್ನು ಮುಂದಿನ ವಾರವೇ ಬೇರೆ ಊರಿನ ಕೆಲಸಕ್ಕೆ ಕಳಿಸಿದರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಲಗೆಯನ್ನು ಒಂದೇ ಮಧ್ಯಾಹ್ನದಲ್ಲಿ ಕಿತ್ತರು. ಟೋಕನ್ನುಗಳು ಗೋಣಿಚೀಲಕ್ಕೆ ಹೋದವು, ಮರ ಸ್ಟೋರಿನ ಬೀರುವಿಗೆ ಹೋಯಿತು, ಮುನಿಸ್ವಾಮಪ್ಪ ಲ್ಯಾಂಪ್ ರೂಮಿಗೆ ಹೋದ. ಹೋಗುವಾಗ ಕೋದಂಡಪ್ಪನನ್ನು ತಡೆದು ಕೇಳಿದ: “ನಮ್ಮ ಮುನಿಗಳ ಲೇಟು ನಿನ್ನ ಚಾರ್ಟಿನಾಗೆ ಎಲ್ಲೂ ಕಾಣ್ಲಿಲ್ವಲ್ಲ ಕೋದಂಡ?”

“ಅದೂ ಸೇರೈತೆ ಮುನಿಸ್ವಾಮಣ್ಣ, ಸರಾಸರಿಯಾಗೆ ಸೇರೈತೆ.”

“ಸೇರ್ಸಿದ್ದೀಯಾ? ಸರಿ ಬಿಡು,” ಎಂದು ಮುದುಕ ಹೋದ. ಅವನು ನಂಬಿ ಹೋದನೋ ನಂಬದೆ ಹೋದನೋ ತಿಳಿಯಲಿಲ್ಲ.

ಚಾರ್ಟಿನ ಒಂದು ನಕಲನ್ನು, ಅಮೋನಿಯಾ ಪ್ರಿಂಟನ್ನು, ಕೋದಂಡಪ್ಪ ತಂಗಿಗೆ ತಂದುಕೊಟ್ಟ. ಓದು ಬರದ ಚಿಕ್ಕವೆಂಕಟಮ್ಮ ಅದನ್ನು ಗಂಜಿ ಹಚ್ಚಿ ದೇವರ ಪಟದ ಪಕ್ಕ ಅಂಟಿಸಿದಳು. ಇದೇನಣ್ಣ ಎಂದು ಕೇಳಿದ್ದಕ್ಕೆ, “ಉದ್ದ ಗೀಟು ಅಳೇದು, ಗಿಡ್ಡ ಗೀಟು ವಸದು. ಗಿಡ್ಡಕಿದ್ದಷ್ಟೂ ಒಳ್ಳೇದು,” ಎಂದ. ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ಮುನಿನಾರಾಯಣಪ್ಪ ಮಾತ್ರ, “ಬಾವ, ಇಷ್ಟೊಂದ್ ಹಾಳೆಗೆ ಎರಡೇ ಗೀಟಾ? ಸಂಬಳ ಎಚ್ಚಾಯ್ತು ಬಿಡು,” ಎಂದು ನಕ್ಕ.

ಮರುವರ್ಷ ಮಾರ್ಚಿನ ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಡ್ರಾಯಿಂಗ್ ಆಫೀಸಿನ ಮಸಿ ಕುಡಿಕೆಗಳು ಗಲಗಲ ಎಂದವು. ನೆಲ ಒಂದು ಸಲ ಎದ್ದು ಕೂತಿತು. ಹಿಂದೆಯೇ ಸೈರನ್ ಕೂಗಿತು. ಕೆಳಗಿದ್ದದ್ದು ಸಿ ಗ್ಯಾಂಗು.

ಕೋದಂಡಪ್ಪ ಕಂಪ್ಯೂಟರ್ ಕೋಣೆಗೆ ಓಡಿದ. ಚಪ್ಪಲಿ ಬಿಡಬೇಕೆಂಬುದು ಆ ದಿನ ಯಾರಿಗೂ ನೆನಪಾಗಲಿಲ್ಲ. ಮೇಲೆ ಬಂದವರ ಹೆಸರುಗಳನ್ನೆಲ್ಲ ಹಾಕಿ ಗುಮಾಸ್ತ ಕದಿರಪ್ಪ ಪಟ್ಟಿಯ ಗುಂಡಿ ಒತ್ತಿದ. ಕೋದಂಡಪ್ಪನ ಕಣ್ಣು ಅಭ್ಯಾಸಬಲದಿಂದ ಗೋಡೆಯ ಗಡಿಯಾರಕ್ಕೆ ಹೋಯಿತು. ಹನ್ನೊಂದು ಹದಿನೆಂಟು. ಪರದೆಯ ಮೇಲೆ ಹೆಸರುಗಳು ಸರಸರ ಸರಿದವು, ಮುನಿ ಎಂಬಲ್ಲಿ ನಿಂತವು. ಹೊರಗೆ ಆರು ಜನ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕೇಜಿನ ಬಾಯಲ್ಲಿ ನಿಂತಿದ್ದರು. “ಯಾವ ಲೆವೆಲ್? ಯಾವ ಲೆವೆಲ್ರಿ?” ಎಂದು ಕೂಗುತ್ತಿದ್ದರು. ಕೆಳಗಿಂದ ಬಂದವರು ಒಬ್ಬೊಬ್ಬರು ಒಂದೊಂದು ಲೆವೆಲ್ ಹೇಳುತ್ತಿದ್ದರು. ಬಂದವರ ಮುಖವನ್ನೆಲ್ಲ ಕೋದಂಡಪ್ಪ ನೋಡಿದ. ಭಾವಮೈದುನ ಇರಲಿಲ್ಲ.

ಲ್ಯಾಂಪ್ ರೂಮಿನಿಂದ ಬಂದ ಮುನಿಸ್ವಾಮಪ್ಪ ಖಾಲಿ ಗೋಡೆಯ ಮುಂದೆ ನಿಂತ. ಮೊಳೆ ಕಿತ್ತ ತೂತುಗಳು ಇನ್ನೂ ಹಾಗೇ ಇದ್ದವು. ಹನ್ನೊಂದು ಮೂವತ್ತಮೂರಕ್ಕೆ ಸರಿಯಾಗಿ, ಯಾವ ಗಡಿಯಾರವನ್ನೂ ನೋಡದೆ, ಅವನು ಅಂದ: “ಇಷ್ಟೊತ್ತಿಗೆ ಓದಿ ಮುಗಿಸಿರ್ತಿದ್ದೆ ಕಣಪ್ಪ.”

ಯಂತ್ರ ಪಟ್ಟಿ ಕೊಟ್ಟಾಗ ಹನ್ನೊಂದು ನಲವತ್ತೈದು. ಇಪ್ಪತ್ತೇಳು ನಿಮಿಷ. ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು: ಸೀನಪ್ಪ, ಮುನಿನಾರಾಯಣಪ್ಪ. ಇಬ್ಬರೂ ಮೂವತ್ತಾರನೇ ಲೆವೆಲ್. ಕೋದಂಡಪ್ಪ ಕಣ್ಣು ಮುಚ್ಚಿ ಬರೆಯಬಲ್ಲ ಲೆವೆಲ್.

ಸೀನಪ್ಪ ಕಾಲು ಮುರಿದುಕೊಂಡು ಉಳಿದ. ಮುನಿನಾರಾಯಣಪ್ಪನನ್ನು ಮೇಲೆ ತಂದಾಗ ಗಣಿಯ ಡಾಕ್ಟರು ರೆಪ್ಪೆ ಎತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. “ಉಸಿರು ನಿಂತು ಜಾಸ್ತಿ ಹೊತ್ತಾಗಿಲ್ಲ. ಹತ್ತು ನಿಮಿಷ ಇರಬಹುದು, ಅಷ್ಟೆ,” ಎಂದು ಹೇಳಿ ಕೈ ತೊಳೆಯಲು ಹೋದರು. ಹದಿನೈದನ್ನು ಇಪ್ಪತ್ತೇಳರಲ್ಲಿ ಕಳೆದರೆ ಹನ್ನೆರಡು. ಆ ಲೆಕ್ಕವನ್ನು ಕೋದಂಡಪ್ಪ ಅಲ್ಲೇ, ಹೆಣದ ಪಕ್ಕ ನಿಂತೇ ಮಾಡಿದ. ಮಾಡಬಾರದೆಂದರೂ ಆಗಿಹೋಯಿತು.

ವಿಚಾರಣೆ ನಡೆಯಿತು. ಅವನನ್ನು ಯಾರೂ ಏನೂ ಕೇಳಲಿಲ್ಲ, ಅವನ ಚಾರ್ಟನ್ನು ಮಾತ್ರ ಫೈಲಿನಿಂದ ತೆಗೆದರು. ಪಟ್ಟಿ ಬರಲು ಸರಾಸರಿ ಹತ್ತು ನಿಮಿಷ ಎಂದು ಪರೀಕ್ಷೆಯಲ್ಲಿ ಸಿದ್ಧವಾಗಿದೆ, ಆ ದಿನದ ವಿಳಂಬ ಯಾರೂ ಊಹಿಸಲಾಗದ್ದು, ಎಂದು ವರದಿಯಾಯಿತು. ವರದಿಯ ಅಕ್ಷರ ಬರೆಯಲು ಅವನಿಗೇ ಕೊಟ್ಟರು. ಊಹಿಸಲಾಗದ್ದು ಎಂಬ ಮಾತಿನ ಮೇಲೆ ಅವನ ಪೆನ್ನು ನಿಂತಿತು. ಹತ್ತು ನಿಮಿಷ! ಆ ಮೂವತ್ತು ದಿನದಲ್ಲಿ ಯಂತ್ರ ಒಂದು ದಿನವಾದರೂ ಹತ್ತು ನಿಮಿಷ ತೆಗೆದುಕೊಂಡಿತ್ತೇ? ಮೂರು ತೆಗೆದುಕೊಂಡಿತ್ತು, ಇಪ್ಪತ್ತನಾಲ್ಕು ತೆಗೆದುಕೊಂಡಿತ್ತು. ಯಾವ ದಿನವೂ ಆಗದೇ ಇದ್ದದ್ದನ್ನು ಅವನು ಎರಡೆಳೆ ಅಂಚು ಹಾಕಿ ಬರೆದು, ಸಹಿ ಮಾಡಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಇಲ್ಲಿ ಬುದ್ಧಿ ಮೊದಲೇ ಬಂದಿತ್ತು. ಅದನ್ನು ಅವನು ಮಡಿಸಿ ಡ್ರಾಯರಿನಲ್ಲಿ ಇಟ್ಟಿದ್ದ, ಅಷ್ಟೆ.

ಡ್ರಾಯರು ತೆಗೆದ. ಚುಕ್ಕೆಗಳ ಹಾಳೆ ಇತ್ತು. ಪೆನ್ಸಿಲ್ ಚೂಪು ಮಾಡಿ ಇಪ್ಪತ್ತೇಳರ ಎತ್ತರಕ್ಕೆ ಮೂವತ್ತೊಂದನೆಯ ಚುಕ್ಕೆ ಇಟ್ಟ. ಅದು ಮೇಲಿನ ಹತ್ತರ ಗುಂಪಿಗೇ ಹೋಗಿ ಸೇರಿತು, ಅದಕ್ಕಾಗಿ ಅಲ್ಲಿ ಜಾಗ ಬಿಟ್ಟಿದ್ದರೋ ಎಂಬಂತೆ.

ಆ ಭಾನುವಾರ ಹಾಳೆಯನ್ನು ಸುರುಳಿ ಮಾಡಿಕೊಂಡು ತಂಗಿಯ ಮನೆಗೆ ಹೋದ. ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಚಿಕ್ಕವೆಂಕಟಮ್ಮ ಎಮ್ಮೆಗೆ ಕಲಗಚ್ಚು ಇಟ್ಟು ಬಂದು ಜಗಲಿಯಲ್ಲಿ ಕೂತಳು. ಎರಡು ಗೀಟಿನ ಚಾರ್ಟು ಗೋಡೆಯ ಮೇಲೆ ಹಾಗೇ ಇತ್ತು, ಅದರ ಪಕ್ಕಕ್ಕೆ ಈಗ ಮುನಿನಾರಾಯಣಪ್ಪನ ಫೋಟೋ ಬಂದಿತ್ತು.

“ಚಿಕ್ಕಮ್ಮಣ್ಣಿ, ನಿಂಗೊಂದು ತೋರುಸ್ಬೇಕು,” ಎಂದು ಅವನು ಹಾಳೆ ಬಿಚ್ಚಿ ಅವಳ ಮುಂದೆ ಹರಡಿದ. ಹೇಗೆ ಶುರು ಮಾಡುವುದೆಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು. “ಒಂದೊಂದು ಚುಕ್ಕಿ ಒಂದೊಂದು ದಿನ. ಮೇಲೋದಷ್ಟೂ ಲೇಟು. ಮಧ್ಯದ ಗೀಟು ಮುನಿಸ್ವಾಮಣ್ಣನ ಅಲಗೆ.”

ಅವಳು ಹಾಳೆಯ ಮೇಲೆ ಬಗ್ಗಿದಳು. ಹೆಚ್ಚು ಹೊತ್ತು ನೋಡಲಿಲ್ಲ. ಕಲಗಚ್ಚಿನ ತೇವ ಇನ್ನೂ ಆರದ ಬೆರಳನ್ನು ಮೇಲಿನ ಗುಂಪಿನ ಮೇಲೆ ಇಟ್ಟಳು.

“ಇವೇನು ಇಲ್ಲಿ ಬೇರೆ ಕುಂತವೆ? ಇವು ಯಾರ ದಿನ?”

“ನಮ್ಮೋರವು. ಮುನಿಗಳವು.”

“ಅದ್ರಾಗೆ ಇವರ್ದು?”

ಅವನು ಕೊನೆಯ ಚುಕ್ಕೆ ತೋರಿಸಿದ.

“ಇದು ಆಮೇಲೆ ಇಕ್ಕಿದ್ದು. ಮಿಕ್ಕ ಅತ್ತು ಚುಕ್ಕಿ?”

“ಮಿಕ್ಕವು ಮೊದ್ಲೇ ಇದ್ವಮ್ಮ. ವರ್ಷದ್ ಇಂದೇನೆ.” ಸುರುಳಿಯಾಗುತ್ತಿದ್ದ ಹಾಳೆಯ ಅಂಚನ್ನು ಅವನು ಒತ್ತಿ ಹಿಡಿದ. “ದೊಡ್ಡೋರಿಗೆ ಒಂದೇ ನೋಟಕ್ಕೆ ಅರ್ಥ ಆಗ್ಬೇಕು ಅಂದ್ರು. ಇದು ಗಲೀಜಾಗಿ ಕಾಣ್ತು ನಂಗೆ. ಅದ್ಕೇ ಅದನ್ನ ಬರ್ದೆ,” ಎಂದು ಗೋಡೆಯ ಕಡೆ ಕೈ ಮಾಡಿದ.

ಚಿಕ್ಕವೆಂಕಟಮ್ಮ ಗೋಡೆಯನ್ನು ನೋಡಿದಳು, ಮತ್ತೆ ಹಾಳೆಯನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ತಿಳಿಯದ್ದನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಅದೇ ದನಿಯಲ್ಲಿ ಅಣ್ಣನನ್ನು ಕೇಳಿದಳು:

“ನಾನು ಓದ್ದೋಳಲ್ಲ. ಇದು ನಂಗೇ ಅರ್ಥ ಆಯ್ತಲ್ಲಣ್ಣ?”